ಗುಳುಕನ ಉಸಿರು

ಗುಳುಕನ ತಲೆಯ ಮೇಲಿದ್ದ ಐದು ಗುಳ್ಳೆಗಳನ್ನು ಅಳಿಸಿಹಾಕಿದವಳು ವಾರಿಜಾ. ಮುಂದೆ ವಿಚಾರಣೆ ನಡೆದಾಗ ಆ ಮಾತನ್ನು ಮೊದಲು ಹೇಳಿದವಳೂ ಅವಳೇ. ಯಾರೂ ಕೇಳಿರಲಿಲ್ಲ.

ಗುಳುಕ ಒಂದು ನೀರುನಾಯಿಯ ಮರಿ, 'ಗುಳುಕನ ಮಡು' ಎಂಬ ವಿಡಿಯೊ ಗೇಮಿನ ನಾಯಕ. ಮಂಗಳೂರಿನ ನೌಷಾದ್ ಹದಿನಾರು ವರ್ಷಗಳ ಹಿಂದೆ ಒಬ್ಬನೇ ಕುಳಿತು ಮಾಡಿದ ಆಟ ಅದು. ಆಮೇಲೆ ಏಳು ಭಾಗಗಳಾಗಿ ಬೆಳೆದು ಉಳ್ಳಾಲದಿಂದ ಬೀದರಿನವರೆಗೆ ಮಕ್ಕಳಿರುವ ಮನೆಗಳನ್ನೆಲ್ಲ ಹೊಕ್ಕಿತ್ತು. ನಿಯಮ ಬಹಳ ಸರಳ. ಬಟನ್ ಒತ್ತಿ ಹಿಡಿದರೆ ಗುಳುಕ ಮಡುವಿನೊಳಗೆ ಮುಳುಗುತ್ತಾನೆ. ತಲೆಯ ಮೇಲಿನ ಗುಳ್ಳೆಗಳು ಎರಡು ಸೆಕೆಂಡಿಗೆ ಒಂದರಂತೆ ಒಡೆಯುತ್ತವೆ. ಐದೂ ಒಡೆಯುವುದರೊಳಗೆ ಬಟನ್ ಬಿಟ್ಟರೆ ಅವನು ಮೇಲೆ ಬಂದು 'ಹುಫ್' ಎಂದು ಉಸಿರು ಬಿಡುತ್ತಾನೆ. ಮಾತೇ ಬಾರದ ಆ ಮರಿಯ ಬಾಯಿಂದ ಬರುತ್ತಿದ್ದ ಸದ್ದು ಅದೊಂದೇ. ನೌಷಾದ್ ತನ್ನ ಬಾಯಿಂದಲೇ ಅದನ್ನು ಧ್ವನಿಮುದ್ರಿಸಿಕೊಂಡಿದ್ದ.

ಆ ಆಟವನ್ನು ಮಕ್ಕಳ ವಾಹಿನಿಯೊಂದು ಇಪ್ಪತ್ತಾರು ಕಂತುಗಳ ಅನಿಮೇಷನ್ ಧಾರಾವಾಹಿ ಮಾಡಹೊರಟಾಗ ಕಥೆ ಹೊಂದಿಸುವ ಕೆಲಸ ವಾರಿಜಾಳ ಪಾಲಿಗೆ ಬಂತು. ಹತ್ತು ವರ್ಷ ಮಕ್ಕಳಿಗೆ ರೇಡಿಯೊ ನಾಟಕ ಬರೆದ ಅನುಭವ ಅವಳದು. ಮೊದಲ ದಿನವೇ ಅವಳಿಗೂ ನೌಷಾದನಿಗೂ ಗುಳ್ಳೆಗಳ ವಿಷಯದಲ್ಲಿ ಜಟಾಪಟಿಯಾಯಿತು.

"ಆಡುವವರಿಗೆ ಗುಳ್ಳೆ ಬೇಕು ನೌಷಾದ್ ಭಾಯ್. ನೋಡುವವರಿಗೆ ಎಂತಕ್ಕೆ? ಹತ್ತು ಸೆಕೆಂಡಿಗೊಮ್ಮೆ ಮೇಲೆ ಬಂದು ಹುಫ್ ಅಂದ್ರೆ ಕಥೆ ಅಲ್ಲಲ್ಲೇ ತುಂಡಾಗ್ತದೆ."

"ಅದು ಚಂದಕ್ಕೆ ಇಟ್ಟದ್ದಲ್ಲ. ಅವ ಮುಳುಗಿದಾಗ ಮಕ್ಕಳೂ ಉಸಿರು ಹಿಡೀತಾರೆ. ನನ್ನ ತಂಗಿಯ ಮಕ್ಕಳನ್ನು ನೋಡಿಯೇ ನಾನು ಹತ್ತು ಸೆಕೆಂಡು ಅಂತ ಇಟ್ಟದ್ದು."

"ಹಿಡೀಲಿ. ಅಷ್ಟು ಮನಸ್ಸು ಕೊಟ್ಟು ನೋಡ್ತಾರೆ ಅಂತ ಅಲ್ವಾ?"

ನೌಷಾದ್ ಮತ್ತೆ ವಾದಿಸಲಿಲ್ಲ. ಎರಡು ವರ್ಷದ ಹಿಂದೆ ಎದೆಯ ಶಸ್ತ್ರಚಿಕಿತ್ಸೆ ಆದ ಮೇಲೆ ಹೆಚ್ಚು ಮಾತಾಡಿದರೆ ಅವನಿಗೆ ಕೆಮ್ಮು ಬರುತ್ತಿತ್ತು. ಗುಳ್ಳೆಗಳು ಹೋದವು. ಅವುಗಳ ಜೊತೆಗೆ ಹುಫ್ ಎಂಬ ಸದ್ದೂ ಹೋಯಿತು, ಆ ಜಾಗಕ್ಕೆ ಕೊಳಲಿನ ಒಂದು ತುಣುಕು ಬಂತು. ಮುಳುಗು ಬರುತ್ತಿದೆ ಎಂದು ಮಕ್ಕಳಿಗೆ ತಿಳಿಯಬೇಕಲ್ಲ ಎಂದು ವಾರಿಜಾ ಇನ್ನೊಂದನ್ನು ಸೇರಿಸಿದಳು. ನೀರಿಗೆ ಹಾರುವ ಮೊದಲು ಗುಳುಕ ದಡದ ಕಲ್ಲಿನ ಮೇಲೆ ಕುಳಿತು ಕೆನ್ನೆ ಉಬ್ಬಿಸಿ ಹತ್ತು ಸಲ ಬುಸುಬುಸು ಉಸಿರಾಡುತ್ತಾನೆ. ಪರೀಕ್ಷೆಗೆಂದು ಕರೆಸಿದ ಮಕ್ಕಳು ಅದನ್ನು ನೋಡಿ ಬಿದ್ದು ಬಿದ್ದು ನಕ್ಕಿದ್ದರು.

ಧಾರಾವಾಹಿಯ ನಿಜವಾದ ಹೊಸತನ ಕಥೆಯಲ್ಲಿರಲಿಲ್ಲ, 'ತಾಳ'ದಲ್ಲಿತ್ತು. ವಿಲ್ಮಾ ಡಿಸೋಜ ಎಂಬ ಮೂವತ್ತರ ಎಂಜಿನಿಯರ್ ರೂಪಿಸಿದ ಯಂತ್ರ ಅದು. ಆ ಹೊತ್ತಿಗೆ ಮಾರುಕಟ್ಟೆಗೆ ಬಂದಿದ್ದ ಟಿವಿಗಳಲ್ಲಿ ಎದುರು ಕುಳಿತವರ ಎದೆಯ ಏರಿಳಿತವನ್ನು ರೇಡಿಯೊ ಅಲೆಗಳಿಂದ ಅಳೆಯುವ ಪುಟ್ಟ ಸಾಧನ ಇರುತ್ತಿತ್ತು. ಯಾರೂ ನೋಡದಿದ್ದರೆ ಟಿವಿ ತಾನಾಗಿ ಆರಲಿ ಎಂದು ಇಟ್ಟದ್ದು. ವಿಲ್ಮಾ ಅದನ್ನು ಕಥೆಗೆ ಜೋಡಿಸಿದಳು. ಬೇಸರವಾದ ಮಗುವಿನ ಉಸಿರು ನಿಧಾನ, ಸಮ. ಮನಸ್ಸಿಟ್ಟು ನೋಡುವ ಮಗುವಿನದು ಚುಟುಕು. ಕುತೂಹಲ ತುದಿಗೆ ಮುಟ್ಟಿದಾಗ ಅದು ಕ್ಷಣಕಾಲ ನಿಂತೇಬಿಡುತ್ತದೆ. ತಾಳ ಇದನ್ನು ಗಮನಿಸಿ ಆಯಾ ಮನೆಗೆ ತಕ್ಕಂತೆ ಶಾಟ್‌ಗಳನ್ನು ಹಿಗ್ಗಿಸುತ್ತಿತ್ತು, ಕುಗ್ಗಿಸುತ್ತಿತ್ತು. ಒಂದೇ ಕಂತು ಒಂದು ಮನೆಯಲ್ಲಿ ಇಪ್ಪತ್ತು ನಿಮಿಷ ಓಡಿದರೆ ಪಕ್ಕದ ಮನೆಯಲ್ಲಿ ಇಪ್ಪತ್ತಮೂರು. ಉಸಿರು ನಿಂತಷ್ಟೂ ಒಳ್ಳೆಯದು ಎಂಬ ಪಾಠವನ್ನು ಯಂತ್ರಕ್ಕೆ ಯಾರೂ ಬಾಯಿಬಿಟ್ಟು ಹೇಳಿಕೊಟ್ಟಿರಲಿಲ್ಲ. ಮಕ್ಕಳು ಕಣ್ಣು ಕೀಳದ ಗಳಿಗೆಗಳನ್ನು ಹುಡುಕು ಎಂದಷ್ಟೇ ಹೇಳಿದ್ದರು. ಉಳಿದದ್ದನ್ನು ಅದೇ ಕಲಿತಿತ್ತು.

ಮೂರನೆಯ ಕಂತಿನ ಭಾನುವಾರ ವಾರಿಜಾ ಮನೆಯಲ್ಲಿದ್ದಳು. ಏಳು ವರ್ಷದ ಮಗಳು ಮೈನಾ ಟಿವಿಯ ಮುಂದೆ ಚಾಪೆ ಹಾಸಿ ಕುಳಿತಿದ್ದಳು. ವಾರಿಜಾಳ ಅಪ್ಪ ಸಂಜೀವಣ್ಣ ಹಿಂದೆ ಕುರ್ಚಿಯಲ್ಲಿದ್ದರು. ಹರೆಯದಲ್ಲಿ ಅವರು ನೇತ್ರಾವತಿಯಲ್ಲಿ ಮುಳುಗಿ ಮರುವಾಯಿ ಎಂಬ ಚಿಪ್ಪುಮೀನು ತೆಗೆಯುತ್ತಿದ್ದವರು. ಗುಳುಕ ಕಲ್ಲಿನ ಮೇಲೆ ಬುಸುಗುಟ್ಟಿದಾಗ ಮೈನಾಳೂ ಕೆನ್ನೆ ಉಬ್ಬಿಸಿ ಬುಸುಗುಟ್ಟಿದಳು. ಅವನು ಹಾರಿದ, ಇವಳು ಬಾಯಿ ಬಿಗಿದಳು.

"ಇದನ್ನು ಇವಳಿಗೆ ಕಲಿಸಿದ್ದು ಯಾರು?" ಸಂಜೀವಣ್ಣ ಕೇಳಿದರು.

"ಕಥೆಯಲ್ಲಿ ಬರ್ತದೆ ಅಪ್ಪ. ನಾನೇ ಬರೆದದ್ದು."

"ಇದು ತಪ್ಪು ಮಗಾ. ನಮ್ಮೊಟ್ಟಿಗೆ ಬಾಬು ಅಂತ ಒಬ್ಬ ಇದ್ದ. ಮುಳುಗುವ ಮೊದಲು ಹೀಗೇ ಜೋರು ಜೋರು ಉಸಿರು ತೆಗೀತಿದ್ದ. ಎಲ್ಲರಿಗಿಂತ ಜಾಸ್ತಿ ಹೊತ್ತು ಕೆಳಗೆ ಇರ್ತಿದ್ದ ಕೂಡ. ಒಂದು ದಿನ ಅವನಿಗೆ ಮೇಲೆ ಬರ್ಬೇಕು ಅಂತಲೇ ಅನ್ನಿಸ್ಲಿಲ್ಲ. ನಾನೇ ಎತ್ತಿದ್ದು."

ಸಂಜೀವಣ್ಣ ಹೇಳಿದ್ದರಲ್ಲಿ ವಿಜ್ಞಾನವಿತ್ತು. ಉಸಿರಾಡು ಎಂದು ಮೆದುಳು ಅವಸರ ಮಾಡುವುದು ಪ್ರಾಣವಾಯು ಕಡಿಮೆಯಾದದ್ದಕ್ಕಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದಕ್ಕೆ. ಬುಸುಬುಸು ಉಸಿರಾಡಿ ಅದನ್ನು ಹೊರಹಾಕಿಬಿಟ್ಟರೆ ಅವಸರದ ಗಂಟೆ ಬಾರಿಸುವುದೇ ಇಲ್ಲ. ಪ್ರಾಣವಾಯು ಮಾತ್ರ ಸದ್ದಿಲ್ಲದೆ ಮುಗಿಯುತ್ತಿರುತ್ತದೆ.

ಮರುದಿನ ವಾರಿಜಾ ಕ್ಯಾಂಟೀನಿನಲ್ಲಿ ವಿಲ್ಮಾಳಿಗೆ ಇದನ್ನು ಹೇಳಿದಳು. "ಹೆದರ್ಬೇಡಿ ವಾರಿಜಕ್ಕ, ಮಿತಿ ಇಟ್ಟಿದ್ದೇನೆ. ತಾಳ ಯಾವುದೇ ಶಾಟನ್ನು ಹನ್ನೆರಡು ಸೆಕೆಂಡಿಗಿಂತ ಜಾಸ್ತಿ ಎಳೆಯುವ ಹಾಗಿಲ್ಲ" ಎಂದಳು ವಿಲ್ಮಾ. ಅದು ನಿಜವೇ ಆಗಿತ್ತು. ವಾರಿಜಾ ಸಮಾಧಾನದಿಂದ ಚಹಾ ಮುಗಿಸಿ ಆರನೆಯ ಕಂತಿನ ಕೆಲಸಕ್ಕೆ ಕುಳಿತಳು.

ಆರನೆಯ ಕಂತೆಂದರೆ ಅವಳಿಗೆ ವಿಶೇಷ ಪ್ರೀತಿ. ಗುಳುಕನ ತಂಗಿ ಮಿಣ್ಕಿ ಮಡುವಿನ ತಳದ ಸುರಂಗದಲ್ಲಿ ಸಿಕ್ಕಿಕೊಳ್ಳುತ್ತಾಳೆ. ಗುಳುಕ ಒಂದೇ ಉಸಿರಿನಲ್ಲಿ ಸುರಂಗ ದಾಟಿ ಅವಳನ್ನು ಎಳೆದು ತರಬೇಕು. ಇಪ್ಪತ್ತು ಶಾಟ್‌ಗಳ ದೃಶ್ಯ. ನಡುವೆ ಎಲ್ಲಿಯೂ ಅವನು ಮೇಲೆ ಬರುವುದಿಲ್ಲ.

ಅದು ಪ್ರಸಾರವಾದ ಭಾನುವಾರ ಸಂಜೆ ಐದಕ್ಕೆ ವಾರಿಜಾ, ನೌಷಾದ್, ವಿಲ್ಮಾ ಮೂವರೂ ಸ್ಟುಡಿಯೊದ ಕಂಟ್ರೋಲ್ ರೂಮಿನಲ್ಲಿದ್ದರು. ವಾಹಿನಿಯ ಕಾರ್ಯಕ್ರಮ ಮುಖ್ಯಸ್ಥ ಪ್ರಭಾಕರ ಶೆಣೈ ಕೂಡ ಬಂದು ಹಿಂದಿನ ಸೋಫಾದಲ್ಲಿ ಕುಳಿತಿದ್ದರು. ಗೋಡೆಯ ತುಂಬ ಹರಡಿದ ಪರದೆಯಲ್ಲಿ ಎಂಬತ್ತನಾಲ್ಕು ಸಾವಿರ ಮನೆಗಳ ಉಸಿರು ಸಣ್ಣ ಸಣ್ಣ ನೀಲಿ ಗೆರೆಗಳಾಗಿ ಓಡುತ್ತಿತ್ತು. ಒಂದಕ್ಕೊಂದು ಸಂಬಂಧವಿಲ್ಲದೆ ಏರುವ, ಇಳಿಯುವ ಗೆರೆಗಳು.

ಐದೂ ಹದಿಮೂರಕ್ಕೆ ಗುಳುಕ ಕಲ್ಲಿನ ಮೇಲೆ ಕುಳಿತ. ಗೆರೆಗಳು ಒಟ್ಟಿಗೆ ಕುಣಿಯತೊಡಗಿದವು. ಹತ್ತು ಸಲ ಮೇಲೆ, ಹತ್ತು ಸಲ ಕೆಳಗೆ. ಐದು ವಾರಗಳಲ್ಲಿ ಮಕ್ಕಳು ಅದನ್ನು ಚೆನ್ನಾಗಿ ಕಲಿತಿದ್ದರು.

"ಅಬ್ಬಾ, ಎಲ್ಲ ಒಂದೇ ಲಯದಲ್ಲಿ ಉಂಟಲ್ಲ" ಎಂದರು ಶೆಣೈ ಸೋಫಾದಿಂದ ಎದ್ದು.

ಗುಳುಕ ಹಾರಿದ. ಗೋಡೆಯ ಮೇಲಿನ ಗೆರೆಗಳು ಮಲಗಿದವು. ಎಲ್ಲವೂ ಅಲ್ಲ, ಅರ್ಧಕ್ಕಿಂತ ಹೆಚ್ಚು. ಇಪ್ಪತ್ತು ಸೆಕೆಂಡಿಗೆ ಕೆಲವು ಗೆರೆಗಳು ಎದ್ದವು, ಮೂವತ್ತಕ್ಕೆ ಇನ್ನಷ್ಟು. ಆದರೆ ಸಾವಿರಾರು ಗೆರೆಗಳು ಮಲಗಿಯೇ ಇದ್ದವು. ಆ ಮನೆಗಳಲ್ಲಿ ತಾಳ ಶಾಟ್‌ಗಳನ್ನು ಹಿಗ್ಗಿಸುತ್ತಿತ್ತು. ಒಂದನ್ನು ಹನ್ನೆರಡು ಸೆಕೆಂಡಿಗೆ ಒಯ್ದು, ಮುಂದಿನದನ್ನೂ ಹನ್ನೆರಡಕ್ಕೆ ಒಯ್ಯುತ್ತಿತ್ತು.

ನೌಷಾದ್ ಮೊದಲು ಮಾತಾಡಿದ. "ವಿಲ್ಮಾ, ನಿನ್ನ ಮಿತಿ ಒಂದು ಶಾಟಿಗೋ, ಇಡೀ ದೃಶ್ಯಕ್ಕೋ?"

ವಿಲ್ಮಾ ಮಿತಿ ಬರೆದ ಸಾಲನ್ನು ತೆರೆದಳು: ಒಂದು ಶಾಟಿಗೆ. ಅವಳ ಬೆರಳುಗಳು ಕೀಲಿಮಣೆಯ ಮೇಲೆ ನಿಂತುಬಿಟ್ಟವು. ಇಪ್ಪತ್ತು ಶಾಟ್, ಹನ್ನೆರಡು ಸೆಕೆಂಡು, ನಾಲ್ಕು ನಿಮಿಷ. ಲೆಕ್ಕ ಎಲ್ಲರ ತಲೆಯಲ್ಲೂ ಒಟ್ಟಿಗೇ ಆಯಿತು.

ವಾರಿಜಾಳ ಫೋನು ಅದುರಿತು. ಅಪ್ಪನದು.

"ಮೈನಾ ಬಿದ್ದಳು" ಎಂದರು ಸಂಜೀವಣ್ಣ. ಅವರ ದನಿ ಬಹಳ ಮೆಲ್ಲಗಿತ್ತು. "ಕೂತಲ್ಲೇ ವಾಲಿದ್ದು. ನಾನು ಹಿಡಿದೆ. ಈಗ ಕಣ್ಣು ಬಿಟ್ಟಿದ್ದಾಳೆ, ಉಸಿರು ಉಂಟು. ಟಿವಿ ಬಂದ್ ಮಾಡಿದ್ದೇನೆ. ಮಗಾ, ನಿನ್ನ ಆ ಪ್ರಾಣಿಯನ್ನು ಮೇಲೆ ತಾ."

"ಅವಳ ಹತ್ರ ಕೊಡಿ ಅಪ್ಪ."

ಫೋನಿನಲ್ಲಿ ಮಗುವಿನ ಉಸಿರು ಕೇಳಿಸಿತು. ಆಮೇಲೆ "ಅಮ್ಮ, ತಲೆ ತಿರುಗ್ತದೆ" ಎಂಬ ಮಾತು. ವಾರಿಜಾಳ ಕಾಲು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಾಗಿತ್ತು. ಮನೆ ಅರ್ಧ ಗಂಟೆಯ ದಾರಿ. ಅವಳು ತಿರುಗಿ ಗೋಡೆಯನ್ನು ನೋಡಿದಳು. ಮಲಗಿದ ಒಂದೊಂದು ಗೆರೆಯ ಎದುರೂ ಯಾರದೋ ಮನೆಯ ಚಾಪೆ ಇತ್ತು, ಹಿಂದೆ ಹಿಡಿಯಲು ಅಜ್ಜ ಇದ್ದಾನೆಂಬ ಖಾತ್ರಿ ಇರಲಿಲ್ಲ.

"ಅಜ್ಜನ ಮಡಿಲಲ್ಲಿ ಮಲಗು ಮಗಾ. ಬರ್ತೇನೆ" ಎಂದು ಹೇಳಿ ಫೋನು ಇಟ್ಟಳು.

"ಪ್ರಸಾರ ನಿಲ್ಲಿಸಿ" ಎನ್ನುತ್ತಿದ್ದರು ಶೆಣೈ. "ಕೂಡಲೇ ನಿಲ್ಲಿಸಿ, ಪರದೆ ಕಪ್ಪು ಮಾಡಿ."

"ಬೇಡ ಸರ್." ವಿಲ್ಮಾಳಿಗೆ ಈಗ ದನಿ ಬಂದಿತ್ತು. "ಹೋದ ವಾರ ಪುತ್ತೂರಿನ ಕಡೆ ಮುಳುಗಿನ ಮಧ್ಯದಲ್ಲೇ ಏನೋ ದೋಷದಿಂದ ಚಿತ್ರ ಹೋಗಿತ್ತು. ದಾಖಲೆ ನಾನು ನೋಡಿದ್ದೇನೆ. ಪರದೆ ಕಪ್ಪಾದ ಮೇಲೆ ಮಕ್ಕಳು ಇನ್ನೂ ಹನ್ನೊಂದು ಸೆಕೆಂಡು ಜಾಸ್ತಿ ಹಿಡಿದಿದ್ದಾರೆ. ಚಿತ್ರ ವಾಪಸ್ ಬರ್ತದೆ ಅಂತ ಕಾದದ್ದು."

"ಹಾಗಾದ್ರೆ ಗುಳುಕನನ್ನು ಮೇಲೆ ತನ್ನಿ."

"ಚಿತ್ರ ಆಗಲೇ ಎಲ್ಲ ಟಿವಿಗಳಿಗೂ ಇಳಿದಾಗಿದೆ. ಬದಲಾಯಿಸ್ಲಿಕ್ಕೆ ಎರಡು ನಿಮಿಷ ಬೇಕು."

"ಧ್ವನಿ?" ಎಂದಳು ವಾರಿಜಾ.

ವಿಲ್ಮಾ ಅವಳನ್ನು ನೋಡಿದಳು. "ತುರ್ತು ಪ್ರಕಟಣೆಗೆ ಅಂತ ಒಂದು ದಾರಿ ಉಂಟು. ಅದು ನೇರ ಹೋಗ್ತದೆ."

"ಉಸಿರಾಡಿ ಮಕ್ಕಳೇ ಅಂತ ಹೇಳಿಬಿಡಿ" ಎಂದರು ಶೆಣೈ.

ಆದರೆ ವಾರಿಜಾಳಿಗೆ ಗೊತ್ತಿತ್ತು. ಸುರಂಗದ ನಡುವೆ ಇರುವ ಮಗು ಯಾವುದೋ ಹೆಂಗಸಿನ ಮಾತನ್ನು ಕೇಳುವುದಿಲ್ಲ. ಹತ್ತು ವರ್ಷ ಮಕ್ಕಳಿಗೆ ಬರೆದವಳು ಅಷ್ಟನ್ನಾದರೂ ಕಲಿತಿದ್ದಳು. ಆ ಮಕ್ಕಳೆಲ್ಲ ವರ್ಷಗಟ್ಟಲೆ ಗುಳುಕನ ಆಟ ಆಡಿ ಬೆಳೆದವರು. ಅವರ ಎದೆಗೆ ಗೊತ್ತಿದ್ದ ಅಪ್ಪಣೆ ಒಂದೇ.

"ಹುಫ್ ಬೇಕು ನೌಷಾದ್ ಭಾಯ್. ನಿಮ್ಮ ಹುಫ್."

ಆ ಧ್ವನಿಮುದ್ರಿಕೆ ಸ್ಟುಡಿಯೊದಲ್ಲಿರಲಿಲ್ಲ. ಬೇಡವೆಂದು ಅವಳೇ ತೆಗೆಸಿದ್ದಳು. ನೌಷಾದ್ ಪಕ್ಕದ ಧ್ವನಿ ಕೋಣೆಗೆ ನುಗ್ಗಿದ. ವಾರಿಜಾ ಹಿಂದೆಯೇ ಓಡಿದಳು. ಮೈಕಿನ ಮುಂದೆ ನಿಂತು ಅವನು ಎದೆ ತುಂಬ ಗಾಳಿ ಎಳೆದುಕೊಂಡ. ಬಂದದ್ದು ಕೆಮ್ಮು. ಇನ್ನೊಮ್ಮೆ ಎಳೆದ, ಮತ್ತೆ ಕೆಮ್ಮು. ಅವನು ಮೈಕನ್ನು ಅವಳ ಕಡೆ ತಿರುಗಿಸಿದ.

"ನೀನೇ ಮಾಡು. ಗಂಟಲಿಂದ ಅಲ್ಲ, ಹೊಟ್ಟೆಯಿಂದ. ಮೊದಲು ಬಿಡ್ಬೇಕು, ಆಮೇಲೆ ಎಳೆದುಕೊಳ್ಳುವ ಸದ್ದೂ ಕೇಳ್ಬೇಕು. ಅವಸರ ಬೇಡ."

ವಾರಿಜಾ ಬಿಟ್ಟಳು. ಹುಫ್.

"ತುಟಿ ಸಡಿಲ ಬಿಡು. ಅವ ನೀರು ಕೊಡವುತ್ತಾನೆ, ನೆನಪುಂಟಲ್ಲ?"

ಹುಫ್. ತುಟಿಗಳು ಪಟಪಟ ಅದುರಿದವು. ನೌಷಾದ್ ತಲೆಯಾಡಿಸಿದ, ಗಾಜಿನ ಆಚೆ ವಿಲ್ಮಾ ಕೀಲಿಯೊತ್ತಿದಳು. ಎಂಬತ್ತನಾಲ್ಕು ಸಾವಿರ ಮನೆಗಳಲ್ಲಿ ಸುರಂಗದ ಸಂಗೀತ ನಿಂತು, ಇನ್ನೂ ನೀರಿನೊಳಗೇ ಈಜುತ್ತಿದ್ದ ಗುಳುಕನ ಚಿತ್ರದ ಮೇಲೆ ಅವನು ಮೇಲೆ ಬಂದ ಸದ್ದು ಕೇಳಿಸಿತು.

ಅಲ್ಲಿಂದ ವಾರಿಜಾಳಿಗೆ ಗೋಡೆ ಕಾಣುತ್ತಿರಲಿಲ್ಲ. ಉಸಿರು ಬಿಡುವುದು, ಎಳೆಯುವುದು, ಬಿಡುವುದು. ನೌಷಾದನ ಕೈ ಅವಳ ಮುಂದೆ ನಿಧಾನವಾಗಿ ಏರುತ್ತ ಇಳಿಯುತ್ತ ಲಯ ಹಿಡಿದಿತ್ತು. ಹತ್ತನೆಯ ಸಲಕ್ಕೆ ಅವಳ ತುಟಿ ಮರಗಟ್ಟಿತು. ಇಪ್ಪತ್ತನೆಯದಕ್ಕೆ ಕಣ್ಣಂಚಿನಲ್ಲಿ ಚುಕ್ಕೆಗಳು ಬಂದವು. ಕಿವಿಗೆ ಸಿಕ್ಕಿಸಿದ ಹೆಡ್‌ಫೋನಿನಲ್ಲಿ ಯಾರೂ ಏನೂ ಹೇಳುತ್ತಿರಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ವಿಲ್ಮಾ ಸುಮ್ಮನಿದ್ದಾಳೆ, ಅಂದರೆ ಹೇಳುವಂಥದ್ದೇನೂ ಆಗುತ್ತಿಲ್ಲ. ಮೈನಾ ಮಲಗಿದ್ದಾಳೋ, ಮತ್ತೆ ವಾಲಿದಳೋ. ಹುಫ್. ಸಾವಿರ ಮೈನಾಗಳು. ಹುಫ್.

"ಏಳ್ತಾ ಉಂಟು ಅಕ್ಕ." ವಿಲ್ಮಾ ಅಳುತ್ತಿದ್ದಳು. "ಉಡುಪಿ ಕಡೆ ಎಲ್ಲ ಎದ್ದಿದೆ. ನಿಲ್ಲಿಸ್ಬೇಡಿ."

ಅವಳು ನಿಲ್ಲಿಸಲಿಲ್ಲ. ಹೊಸ ಚಿತ್ರ ಟಿವಿಗಳಿಗೆ ಇಳಿದು, ಗುಳುಕ ನಿಜವಾಗಿಯೂ ನೀರಿನಿಂದ ತಲೆಯೆತ್ತುವವರೆಗೂ ಉಸಿರಾಡಿದಳು. ಆಮೇಲೆ ಮೊದಲ ಬಾರಿಗೆ ತನ್ನ ದನಿಯಲ್ಲಿ ಮಾತಾಡಿದಳು. "ಮನೆಯಲ್ಲಿರುವ ದೊಡ್ಡವರು ದಯವಿಟ್ಟು ಟಿವಿ ಮುಂದೆ ಇರುವ ಮಕ್ಕಳ ಹತ್ತಿರ ಹೋಗಿ. ಮಗು ಬಿದ್ದಿದ್ದರೆ ಮಗ್ಗುಲಾಗಿ ಮಲಗಿಸಿ, ಡಾಕ್ಟರಿಗೆ ಫೋನ್ ಮಾಡಿ. ಇವತ್ತಿನ ಕಂತು ಇಲ್ಲಿಗೆ ನಿಲ್ಲಿಸ್ತಾ ಇದ್ದೇವೆ."

ಗೋಡೆಯ ಮೇಲೆ ಇನ್ನೂ ಮೂವತ್ತೊಂದು ಗೆರೆಗಳು ಮಲಗಿದ್ದವು. ಕೆಲವು, ಮಗು ಎದ್ದು ಹೋದ ಖಾಲಿ ಕೋಣೆಗಳು. ಯಾವುದು ಖಾಲಿ, ಯಾವುದು ಅಲ್ಲ ಎಂದು ತಿಳಿಯುವ ಉಪಾಯವಿರಲಿಲ್ಲ. ನಾಲ್ವರೂ ಆ ಮನೆಗಳ ನಂಬರುಗಳನ್ನು ಹಂಚಿಕೊಂಡು ಒಂದೊಂದಕ್ಕೂ ಫೋನು ಮಾಡಿದರು. ಶೆಣೈ ಕೂಡ ನೆಲದ ಮೇಲೆ ಕುಳಿತು ಮಾಡಿದರು. ಆರೂವರೆಗೆ ಕೊನೆಯ ಮನೆಯವರು ಫೋನು ಎತ್ತಿದರು. ಏಳಕ್ಕೆ ವಾರಿಜಾ ಮನೆ ಮುಟ್ಟಿದಾಗ ಮೈನಾ ಅಜ್ಜನ ಮಡಿಲಲ್ಲಿ ಮಲಗಿ ಸಮವಾಗಿ ಉಸಿರಾಡುತ್ತಿದ್ದಳು.

ಮೂರ್ಛೆ ಹೋದ ಮಕ್ಕಳು ಹತ್ತೊಂಬತ್ತು. ಮೂರ್ಛೆ ಬಂದ ಕೂಡಲೇ ದೇಹ ತಾನಾಗಿ ಉಸಿರೆಳೆದುಕೊಳ್ಳುತ್ತದೆ, ಹಾಗಾಗಿ ಯಾರ ಜೀವವೂ ಹೋಗಲಿಲ್ಲ. ಉಬ್ಬಸವಿದ್ದ ಶಿರಸಿಯ ಒಬ್ಬ ಹುಡುಗ ಮೂರು ದಿನ ಆಸ್ಪತ್ರೆಯಲ್ಲಿದ್ದ. ಕಾರ್ಕಳದ ಎಂಟು ವರ್ಷದ ಜನನಿ ಎಂಬ ಹುಡುಗಿ ಟೀಪಾಯಿಯ ಅಂಚಿಗೆ ಬಿದ್ದು ಹುಬ್ಬಿನ ಮೇಲೆ ಒಂಬತ್ತು ಹೊಲಿಗೆ ಹಾಕಿಸಿಕೊಂಡಳು.

ಮರುದಿನ ಶೆಣೈ ಎರಡು ಹಾಳೆ ತಂದು ವಾರಿಜಾಳ ಮೇಜಿನ ಮೇಲಿಟ್ಟರು. ಒಂದರಲ್ಲಿ ಸುರಂಗದ ದೃಶ್ಯದ ನಕ್ಷೆ. ಈ ದೇಶದಲ್ಲಿ ಯಾವ ಮಕ್ಕಳ ಕಾರ್ಯಕ್ರಮವನ್ನೂ ಅಷ್ಟು ಮಕ್ಕಳು ಅಷ್ಟು ಏಕಾಗ್ರತೆಯಿಂದ ನೋಡಿರಲಿಲ್ಲ. ಇನ್ನೊಂದು, ಸಹಿ ಹಾಕಬೇಕಾದ ಹೇಳಿಕೆ. ಮಕ್ಕಳು ಆಟದ ಅಭ್ಯಾಸದಿಂದ ತಾವಾಗಿ ಉಸಿರು ಕಟ್ಟಿದರು, ಯಂತ್ರಕ್ಕೂ ಕಥೆಗೂ ಸಂಬಂಧವಿಲ್ಲ ಎಂದು.

"ನೀವೇ ಮಕ್ಕಳನ್ನು ಉಳಿಸಿದ್ದು ವಾರಿಜಾ ಅವರೇ. ಜನರಿಗೂ ಹಾಗೇ ಗೊತ್ತಾಗ್ಲಿ. ನಿಮ್ಮ ಹೆಸರು ಎಂತಕ್ಕೆ ಹಾಳಾಗ್ಬೇಕು?"

"ಆಟದಲ್ಲಿ ಹದಿನಾರು ವರ್ಷ ಯಾರೂ ಬೀಳ್ಲಿಲ್ಲ ಸರ್" ಎಂದಳು ವಾರಿಜಾ. "ಬಿದ್ದದ್ದು ನಾನು ಬರೆದ ಮೇಲೆ."

ಅವಳು ಸಹಿ ಹಾಕಲಿಲ್ಲ. ಅದೇ ಹಾಳೆಯ ಹಿಂಬದಿಯಲ್ಲಿ ಗುಳ್ಳೆ ತೆಗೆದದ್ದು, ಬುಸುಗುಟ್ಟುವುದನ್ನು ಸೇರಿಸಿದ್ದು, ಅಪ್ಪ ಎಚ್ಚರಿಸಿದ್ದು, ಮಿತಿ ಇದೆ ಎಂಬ ಮಾತಿಗೇ ತಾನು ಸಮಾಧಾನ ಪಟ್ಟುಕೊಂಡದ್ದು ಎಲ್ಲವನ್ನೂ ಬರೆದಳು. ವಿಲ್ಮಾ ತಾಳದ ದಾಖಲೆಗಳನ್ನು ಒಂದಕ್ಷರ ಬಿಡದೆ ವಿಚಾರಣಾ ಸಮಿತಿಗೆ ಕೊಟ್ಟಳು, ತನ್ನ ಮಿತಿ ತಪ್ಪಾಗಿದ್ದ ಸಾಲಿಗೆ ತಾನೇ ಗುರುತು ಹಾಕಿ. ಧಾರಾವಾಹಿ ನಿಂತಿತು. ಮಕ್ಕಳ ಉಸಿರನ್ನು ಅಳೆದು ಕಥೆ ಎಳೆಯುವ ಯಂತ್ರ ಯಾವ ವಾಹಿನಿಗೂ ಬೇಡವೆಂದು ಸಮಿತಿ ಶಿಫಾರಸು ಮಾಡಿತು. ವಾಹಿನಿಗಳು ಅದನ್ನು ಪ್ರಶ್ನಿಸಿ ಮೇಲಕ್ಕೆ ಹೋಗಿವೆ, ತೀರ್ಮಾನ ಇನ್ನೂ ಆಗಿಲ್ಲ. ವಾರಿಜಾಳಿಗೆ ಕೆಲಸ ಉಳಿಯಲಿಲ್ಲ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವಳು ಕಾರ್ಕಳಕ್ಕೆ ಹೋದಳು. ಬರುತ್ತೇನೆಂದು ಮೊದಲೇ ಫೋನು ಮಾಡಿದ್ದಳು. ಜನನಿಯ ತಾಯಿ ಯಶೋದಾ ಬಾಗಿಲು ತೆರೆದು, ಕುಳಿತುಕೊಳ್ಳಿ ಎಂದಷ್ಟೇ ಹೇಳಿ ಅಡುಗೆಮನೆಯ ಹೊಸ್ತಿಲಲ್ಲಿ ಕೈಕಟ್ಟಿ ನಿಂತಳು. ಕ್ಷಮೆಯ ಮಾತನ್ನು ವಾರಿಜಾ ಹೇಳಿದಳು. ಅದಕ್ಕೆ ಯಶೋದಾ, "ಒಂದು ಇಂಚು ಕೆಳಗೆ ಬಿದ್ದಿದ್ರೆ ಕಣ್ಣು ಹೋಗ್ತಿತ್ತು" ಎಂದಳು.

ಜನನಿ ಒಳಗಿನಿಂದ ಬಂದಳು. ಹುಬ್ಬಿನ ಮೇಲೆ ತೆಳು ಕೆಂಪು ಗೆರೆ ಇತ್ತು. ಅವಳು ವಾರಿಜಾಳ ಎದುರಿನ ಕುರ್ಚಿಯಲ್ಲಿ ಕಾಲು ಮಡಚಿ ಕುಳಿತಳು.

"ನೀವಾ ಗುಳುಕನ ಕಥೆ ಬರೆದದ್ದು?"

"ಹೌದು."

"ಮಿಣ್ಕಿ ಸುರಂಗದಿಂದ ಹೊರಗೆ ಬಂದಳಾ?"

ವಾರಿಜಾ ಯಶೋದಾಳ ಕಡೆ ನೋಡಿದಳು. ಯಶೋದಾ ಸೆರಗಿನಿಂದ ಕೈ ಒರೆಸಿಕೊಂಡು ಹೊಸ್ತಿಲಲ್ಲೇ ಕುಳಿತಳು.

"ಹೇಳ್ತೇನೆ" ಎಂದಳು ವಾರಿಜಾ. "ಸುರಂಗದ ಒಳಗೆ ಕತ್ತಲೆ ಇತ್ತು. ಗುಳುಕನಿಗೆ ಮಿಣ್ಕಿಯ ಬಾಲ ಮಾತ್ರ ಕಾಣ್ತಾ ಇತ್ತು."

"ಬಾಲ ಸಿಕ್ಕಿಕೊಂಡಿತ್ತಾ, ಕಾಲಾ?"

"ಕಾಲು. ಬೇರಿಗೆ ಸುತ್ತಿಕೊಂಡಿತ್ತು."

"ಯಾವ ಮರದ ಬೇರು?"

ಅದನ್ನು ವಾರಿಜಾ ಯೋಚಿಸಿಯೇ ಇರಲಿಲ್ಲ. "ಯಾವುದಿರ್ಬಹುದು?" ಎಂದು ಕೇಳಿದಳು. ಹೊಳೆಬದಿಯಲ್ಲಿ ಹೊನ್ನೆ ಮರ ಇರ್ತದೆ, ಅದರದ್ದೇ ಇರ್ಬೇಕು ಎಂದಳು ಜನನಿ. ಹೊನ್ನೆಯ ಬೇರೆಂದೇ ಆಯಿತು. ಗುಳುಕ ಬೇರನ್ನು ಕಚ್ಚಿದ. ಒಂದು ಎಳೆ ಕಡಿಯಿತು, ಇನ್ನೊಂದು ಕಡಿಯಲಿಲ್ಲ. ಹೊಸ್ತಿಲಲ್ಲಿ ಕುಳಿತಿದ್ದ ಯಶೋದಾ ಮುಂದಕ್ಕೆ ಬಾಗಿದ್ದಳು. ಜನನಿ ತಟ್ಟನೆ ಕೈ ಎತ್ತಿದಳು.

"ಆಂಟಿ, ಸ್ವಲ್ಪ ನಿಲ್ಲಿ. ನನಗೆ ಬಾಯಾರಿಕೆ ಆಗ್ತಾ ಉಂಟು. ನಾನು ಬರುವ ತನಕ ಹೇಳ್ಬಾರ್ದು, ಆಯ್ತಾ?"

ಹುಡುಗಿ ಅಮ್ಮನನ್ನು ದಾಟಿಕೊಂಡು ಅಡುಗೆಮನೆಗೆ ಓಡಿದಳು. ಒಳಗೆ ಲೋಟ ತೊಳೆಯುವ, ನೀರು ಬಗ್ಗಿಸುವ ಸದ್ದು ಕೇಳಿಸಿತು. ವಾರಿಜಾ ಕಾಯುತ್ತ ಕುಳಿತಳು.